ದೇಹಕ್ಕೂ ಒಂದು ಹಕ್ಕಿದೆ

ಹೋದ ಚಳಿಗಾಲದ ಒಂದು ಶುಕ್ರವಾರ ನಾವು ಮೊದಲ ಸಲ ಕುರ್ಚಿಯ ಮೇಲೆ ಕುಳಿತು ನಮಾಜು ಮಾಡಿದೆವು. ಹುಲಕೋಟಿಯ ನಮ್ಮ ಮಸೀದಿಯಲ್ಲಿ ಸಾಲಿನ ತುದಿಗೆ ಮೂರು ಪ್ಲಾಸ್ಟಿಕ್ ಕುರ್ಚಿಗಳಿರುತ್ತವೆ. ಮಂಡಿನೋವಿನ ಹಿರಿಯರಿಗೆಂದು ಇಟ್ಟಿರುವುದು. ನಮಗಿನ್ನೂ ನಲವತ್ತಾರು ವರ್ಷ. ಎರಡು ವರ್ಷದವರಿದ್ದಾಗ ಪೋಲಿಯೊ ಬಂದು ಬಲಗಾಲು ಸೊರಗಿತು. ನಡೆಯಲು ಕಲಿತ ಮೇಲೆ ತೊಡೆಯ ಮೇಲೆ ಕೈ ಊರಿ, ಎಡಗಾಲಿನ ಮೇಲೆ ಭಾರ ಹಾಕಿ ಎಲ್ಲರ ಸಾಲಿನಲ್ಲಿ ನಿಂತೇ ನಮಾಜು ಮಾಡಿಕೊಂಡು ಬಂದವರು ನಾವು. ಅಂದು ಆಗಲಿಲ್ಲ. ಎಡಗಾಲು, ಅಂದರೆ ಒಳ್ಳೆಯ ಕಾಲು, ನಡುಗತೊಡಗಿತು.

ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಚಾಚಾ ಒಬ್ಬರು ಹೆಗಲ ಮೇಲೆ ಕೈ ಹಾಕಿ ಕೇಳಿದರು: “ಯಾಕ ತಮ್ಮಾ, ನಲವತ್ತ ವರ್ಷ ಒಂದ ಕಾಲ ಮ್ಯಾಲ ನಿಂತಾಂವ ನೀನು. ಈಗ ಕುರ್ಚಿ ಹಿಡದೆಲ್ಲ, ಸೋತ್ಯೇನು?”

ಅವರು ಪ್ರೀತಿಯಿಂದಲೇ ಕೇಳಿದ್ದು. ನಾವೂ ನಕ್ಕೆವು. ಆದರೆ ಆ ಮಾತು ಮನೆಯ ತನಕ ಹಿಂದೆಯೇ ಬಂತು. ದಣಿದೆ ಎಂದು ಒಪ್ಪಿಕೊಳ್ಳುವುದು ಸೋಲೇ? ಈ ಬರಹ ಆ ಚಾಚಾನಿಗೆ ಕೊಡಬೇಕಾಗಿದ್ದ, ಅಂದು ಕೊಡಲಾಗದ ಉತ್ತರ.

ಇಲ್ಲಿ ‘ನಾವು’ ಎಂದರೆ ಒಬ್ಬರೇ ಅಲ್ಲ. ಭಾನುವಾರ ಸಂಜೆ ಬಸ್ ನಿಲ್ದಾಣದ ಹತ್ತಿರದ ಚಹಾ ಅಂಗಡಿಯಲ್ಲಿ ಸೇರುವ ನಾಲ್ವರು. ಒಬ್ಬರು ಟೇಲರ್ ಮಾಸ್ತರು. ಇನ್ನೊಬ್ಬರು ಅಂಗವಿಕಲರ ಪಾಲಿನಲ್ಲಿ ಎಸ್‌ಟಿಡಿ ಬೂತ್ ಪಡೆದು, ಮೊಬೈಲ್ ಬಂದ ಮೇಲೆ ಬೂತ್ ಹೋಗಿ ಈಗ ಝೆರಾಕ್ಸ್ ಅಂಗಡಿ ಇಟ್ಟವರು. ಮತ್ತೊಬ್ಬರು ಅಕ್ಕ, ಖಾನಾವಳಿಗೆ ರೊಟ್ಟಿ ಬಡಿದು ಕೊಡುವವರು. ನಾಲ್ಕನೆಯವರು ಕಥೆ ಬರೆಯುವ ನಾವು. ಜಾತಿ ಬೇರೆ, ಓಣಿ ಬೇರೆ. ಕಾಯಿಲೆ ಒಂದೇ, ಹೆಚ್ಚುಕಡಿಮೆ ವಯಸ್ಸೂ ಒಂದೇ. ಉರ್ದು ಶಾಲೆಯಲ್ಲಿ ನಮ್ಮನ್ನು ‘ಲಂಗಡಾ’ ಎಂದರು, ಕನ್ನಡ ಶಾಲೆಗೆ ಹೋದ ಮೇಲೆ ‘ಕುಂಟ’ ಎಂದರು. ಎರಡು ಭಾಷೆ ಬಲ್ಲವರಿಗೆ ಎರಡು ಹೆಸರು, ಅಷ್ಟೇ ವ್ಯತ್ಯಾಸ.

ನಮಗೆ ಪೋಲಿಯೊ ಬಂದ ಕಾಲದಲ್ಲಿ ಹನಿ ಇರಲಿಲ್ಲವೆಂದಲ್ಲ. 1979ರ ಹೊತ್ತಿಗೆ ಬಾಯಿಗೆ ಹಾಕುವ ಲಸಿಕೆ ದೇಶದ ಕಾರ್ಯಕ್ರಮದಲ್ಲಿ ಸೇರಿತ್ತು. ನಮ್ಮ ಹಳ್ಳಿಗಳ ಮನೆಬಾಗಿಲಿಗೆ ಅದು ಬರಲು ಹೊತ್ತು ಹಿಡಿಯಿತು. ವೈರಾಣು ಮಾತ್ರ ಹೊತ್ತಿಗೆ ಸರಿಯಾಗಿ ಬಂತು, ನೀರಿನಲ್ಲಿ, ಮಕ್ಕಳ ಕೈಯಲ್ಲಿ. ಅದು ಹೊಟ್ಟೆಗೆ ಹೋದವರಲ್ಲಿ ಹೆಚ್ಚಿನವರಿಗೆ ಏನೂ ತಿಳಿಯುವುದಿಲ್ಲ. ಕೆಲವರಿಗೆ ಎರಡು ದಿನ ಜ್ವರ. ಸುಮಾರು ಇನ್ನೂರರಲ್ಲಿ ಒಬ್ಬರಿಗೆ ಮಾತ್ರ ಅದು ಬೆನ್ನುಹುರಿಗೆ ಇಳಿದು, ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಕೊಲ್ಲುತ್ತದೆ. ಅದೇ ನೀರು ಕುಡಿದು, ಅದೇ ಅಂಗಳದಲ್ಲಿ ಆಡಿ, ಏನೂ ಆಗದೆ ಬೆಳೆದ ಗೆಳೆಯರು ನಮ್ಮ ಸುತ್ತಲೇ ಇದ್ದಾರೆ. ಅವರು ಪುಣ್ಯವಂತರೂ ಅಲ್ಲ, ನಾವು ಪಾಪಿಗಳೂ ಅಲ್ಲ. ಇದನ್ನು ಇಷ್ಟು ಸರಳವಾಗಿ ಹೇಳಲು ನಮಗೆ ಬಹಳ ವರ್ಷ ಬೇಕಾಯಿತು.

ನಮ್ಮ ಅಮ್ಮಿಗೆ ಕೊನೆಗೂ ಹೇಳಲಾಗಲಿಲ್ಲ. ಜ್ವರ ಬಂದ ಮಗುವನ್ನು ಎತ್ತಿಕೊಂಡು ಹೋಗಿ ಸೂಜಿ ಮಾಡಿಸಿದವಳು ಅವಳು. ಬೆಳಗಾಗುವುದರಲ್ಲಿ ಕಾಲು ಬಿದ್ದಿತ್ತು. “ನಾನ ಸೂಜಿ ಮಾಡಿಸಿದೆ, ನಾನ ಕಾಲ ಕಳದೆ” ಎಂದು ಮೂವತ್ತು ವರ್ಷ ಹೇಳಿಕೊಂಡಳು. ಪೋಲಿಯೊ ವೈರಾಣು ಮೈಯಲ್ಲಿರುವಾಗ ಸ್ನಾಯುವಿಗೆ ಸೂಜಿ ಚುಚ್ಚಿದರೆ ಆ ಅಂಗಕ್ಕೆ ಲಕ್ವ ಬಡಿಯುವ ಸಂಭವ ಹೆಚ್ಚು ಎಂಬುದು ವೈದ್ಯಶಾಸ್ತ್ರ ಬಲ್ಲ ಸಂಗತಿ. ಆದರೆ ಆ ಜ್ವರ ಪೋಲಿಯೊದ್ದು ಎಂದು ಒಬ್ಬ ತಾಯಿಗೆ ಹೇಗೆ ತಿಳಿಯಬೇಕು? ಸೂಜಿ ಇಲ್ಲದೆಯೂ ಕಾಲು ಹೋಗಬಹುದಿತ್ತು ಎಂದು ಎಷ್ಟೋ ಸಲ ಹೇಳಿದೆವು. ತಲೆಯಾಡಿಸುತ್ತಿದ್ದಳು, ನಂಬುತ್ತಿರಲಿಲ್ಲ. ಅವಳ ಆ ಭಾರ ಇಳಿಸಲೆಂದೇ ನಾವು ಮನೆಯಲ್ಲಿ ಎಂದೂ ಕಾಲು ನೋಯುತ್ತದೆ ಎಂದು ಬಾಯಿ ಬಿಡಲಿಲ್ಲ. ನೋವು ಮುಚ್ಚಿಡುವುದನ್ನು ನಾವು ಮೊದಲು ಕಲಿತದ್ದು ಪ್ರೀತಿಯಿಂದ.

ಆಮೇಲೆ ಅದನ್ನು ಹೊಗಳಿಕೆ ಗಟ್ಟಿ ಮಾಡಿತು. “ಕಾಲಿಲ್ಲದಿದ್ರೇನಾತು, ಛಲ ನೋಡ್ರಿ ಅವಂದು” ಎಂದರು ಮಾಸ್ತರರು. ಗದಗ ಸೀಮೆಯಲ್ಲಿ ಅಂಗವಿಕಲ ಮಗುವಿಗೆ ಮೊದಲು ಹೇಳುವ ಮಾತು ವೀರೇಶ್ವರ ಪುಣ್ಯಾಶ್ರಮದ್ದು. ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ಎಷ್ಟು ಮಕ್ಕಳಿಗೆ ಸಂಗೀತ ಕಲಿಸಿದರು, ನಿನಗೆ ಒಂದು ಕಾಲಷ್ಟೇ ಅಲ್ಲವೆ ಎನ್ನುವರು. ಪೋಲಿಯೊದಿಂದ ಗಾಲಿಕುರ್ಚಿ ಹಿಡಿದೂ ಕ್ರೀಡೆಯಲ್ಲಿ ಹೆಸರಾಗಿ 2001ರಲ್ಲಿ ಪದ್ಮಶ್ರೀ ಪಡೆದ ಬೆಂಗಳೂರಿನ ಮಾಲತಿ ಹೊಳ್ಳ ಅವರ ಚಿತ್ರವನ್ನು ನಮ್ಮ ಮುಂದೆ ಹಿಡಿದವರಿದ್ದಾರೆ. ಇಬ್ಬರೂ ನಮಸ್ಕರಿಸಬೇಕಾದವರೇ. ಆದರೆ ಎತ್ತರದ ಮನುಷ್ಯರನ್ನು ತೋರಿಸಿ ಸಾಮಾನ್ಯರಿಗೆ ಗುರಿ ನಿಗದಿ ಮಾಡುವುದರಲ್ಲಿ ಒಂದು ಜಾಣತನವಿದೆ. ಅವರು ಮೇಲೇರಿದರೆಂದರೆ ಮೆಟ್ಟಿಲು ತಗ್ಗಿಸುವ ಕೆಲಸ ಉಳಿದವರಿಗೆ ತಪ್ಪುತ್ತದೆ.

ನಾವು ಏರಿದೆವು. ಸರ್ಕಾರಿ ಬಸ್ಸಿನ ಎತ್ತರದ ಮೆಟ್ಟಿಲು ಏರಿದೆವು. ಮಾಸ್ತರು ಒಂದೇ ಕಾಲಿನಿಂದ ಹೊಲಿಗೆ ಯಂತ್ರ ತುಳಿದು ಈದಿನ ಮುಂದೆ ರಾತ್ರಿಯಿಡೀ ಹೊಲಿದರು. ಅಕ್ಕ ನೆಲದ ಮೇಲೆ ಕುಳಿತು ದಿನಕ್ಕೆ ನೂರು ರೊಟ್ಟಿ ಬಡಿದರು. ಪಲ್ಸ್ ಪೋಲಿಯೊ ಬಂದಾಗ, ಅಂದರೆ 1995ರ ನಂತರ, ನಮಗೆ ಇನ್ನೊಂದು ಕೆಲಸ ಸಿಕ್ಕಿತು. ಹನಿ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಗಾಳಿಮಾತು ಉತ್ತರಪ್ರದೇಶದಲ್ಲಿ ದೊಡ್ಡದಾಗಿ ಎದ್ದಿತ್ತು, ನಮ್ಮ ಓಣಿಗಳಿಗೂ ಪಿಸುಮಾತಾಗಿ ಬಂತು. ಆರೋಗ್ಯ ಇಲಾಖೆಯ ಅಕ್ಕಂದಿರು ನಮ್ಮನ್ನು ಕರೆದುಕೊಂಡು ಮನೆ ಮನೆಗೆ ಹೋದರು. ಪಾಯಿಜಾಮ ಮೇಲೆತ್ತಿ ಕಾಲು ತೋರಿಸಿದೆವು. “ಹನಿ ಹಾಕಸಲಿಲ್ಲಂದ್ರ ಹಿಂಗಾಗತೈತಿ ನೋಡ್ರಿ” ಎಂದೆವು. ತಾಯಂದಿರು ಮಕ್ಕಳನ್ನು ಮುಂದೆ ತಂದರು. ನಮ್ಮ ಕಾಲು ಅಂಜಿಕೆಯ ಚಿತ್ರವಾಯಿತು ಎಂಬ ಮುಜುಗರ ಇತ್ತು, ಯಾವುದೋ ಮಗುವಿನ ಕಾಲು ಉಳಿಯಿತು ಎಂಬ ತೃಪ್ತಿಯೂ ಇತ್ತು. ಇಂದಿಗೂ ಎರಡೂ ಇವೆ.

ದೇಶ ಗೆದ್ದಿತು. 2009ರಲ್ಲಿ ಜಗತ್ತಿನ ಪೋಲಿಯೊ ಪ್ರಕರಣಗಳಲ್ಲಿ ಸುಮಾರು ಅರ್ಧ, 741, ಭಾರತದಲ್ಲೇ ಇದ್ದವು. ಕಾಡು ವೈರಾಣುವಿನ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ನಮ್ಮ ವಲಯವನ್ನು ಪೋಲಿಯೊಮುಕ್ತವೆಂದು ಸಾರಿತು. ಅಂದು ನಾವೂ ಸಿಹಿ ಹಂಚಿದೆವು. ಪೋಲಿಯೊ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು. ಪೋಲಿಯೊ ಆದವರು ಇನ್ನೂ ಇದ್ದೇವೆ ಎಂಬುದು ಆ ಸಡಗರದಲ್ಲಿ ಯಾರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ನಲವತ್ತು ದಾಟುತ್ತಿದ್ದಂತೆ ಒಬ್ಬೊಬ್ಬರಿಗೆ ಒಂದೊಂದು ಶುರುವಾಯಿತು. ಮಾಸ್ತರಿಗೆ ಯಂತ್ರ ತುಳಿಯುವ ಕಾಲಿನಲ್ಲೇ ಬಲ ಇಳಿಯಿತು. ಝೆರಾಕ್ಸಿನ ಗೆಳೆಯರಿಗೆ ಮಧ್ಯಾಹ್ನದ ಹೊತ್ತಿಗೆ ದೀಪ ಆರಿದಂತೆ ದಣಿವು, ನಿದ್ದೆ ಮಾಡಿದರೂ ಹೋಗದ್ದು. ನಮಗೆ ಚಳಿ. ಕಪ್ಪತಗುಡ್ಡದ ಕಡೆಯ ಗಾಳಿ ಬೀಸಿದರೆ ಸೊರಗಿದ ಕಾಲು ನೀಲಿಗಟ್ಟಿ ಕಲ್ಲಾಗುತ್ತದೆ. ತೊಡೆಗೆ ಕೈ ಊರಿ ಊರಿ ಮಣಿಕಟ್ಟು, ಹೆಗಲು, ಸೊಂಟ ಹಿಡಿದುಕೊಂಡವು. ತೋರಿಸಿಕೊಂಡ ಕಡೆ ಒಬ್ಬರು ವಯಸ್ಸಾಯಿತು ಎಂದರು. ಇನ್ನೊಬ್ಬರು, ಸೋಮಾರಿತನ ಬಿಟ್ಟು ದಿನಾ ನಾಲ್ಕು ಕಿಲೋಮೀಟರ್ ನಡೆಯಿರಿ ಎಂದರು. ಮಾಸ್ತರು ಛಲದಿಂದ ನಡೆದರು. ಮೂರು ತಿಂಗಳಲ್ಲಿ ಕೈಗೆ ಕೋಲು ಬಂತು. ಆ ವೈದ್ಯರನ್ನು ಬಯ್ಯಲಾರೆವು. ಪೋಲಿಯೊ ಹೋದ ಮೇಲೆ ಓದಿದ ಎಳೆಯರು ಅವರು, ಪೋಲಿಯೊ ಕಾಲನ್ನು ಮುಟ್ಟಿ ನೋಡುವ ಸಂದರ್ಭವೇ ಅವರಿಗೆ ಒದಗಿಲ್ಲ.

ಕೊನೆಗೆ ಹುಬ್ಬಳ್ಳಿಯಲ್ಲಿ ಹಿರಿಯ ವೈದ್ಯರೊಬ್ಬರು ಇದಕ್ಕೆ ಪೋಸ್ಟ್ ಪೋಲಿಯೊ ಸಿಂಡ್ರೋಮ್ ಎಂದು ಹೆಸರಿದೆ ಎಂದರು. ಪೋಲಿಯೊ ಆದ ಹದಿನೈದು ವರ್ಷಗಳ ನಂತರ, ಹೆಚ್ಚಾಗಿ ಮೂವತ್ತು ನಲವತ್ತು ವರ್ಷಗಳ ನಂತರ ಬರುವುದು. ಬದುಕಿ ಉಳಿದವರಲ್ಲಿ ನೂರಕ್ಕೆ ಇಪ್ಪತ್ತೈದರಿಂದ ನಲವತ್ತು ಮಂದಿಗೆ ಬರಬಹುದು ಎಂಬ ಅಂದಾಜಿದೆ. ವೈರಾಣು ಮರಳಿ ಬಂದದ್ದಲ್ಲ, ಇನ್ನೊಬ್ಬರಿಗೆ ಅಂಟುವುದೂ ಅಲ್ಲ. ಇದನ್ನು ಹೇಳುವ ಒಂದು ಪರೀಕ್ಷೆ ಇಲ್ಲ. ಥೈರಾಯಿಡ್, ಸಕ್ಕರೆ, ರಕ್ತಹೀನತೆ, ಬೆನ್ನುಮೂಳೆಯ ಒತ್ತಡ ಮೊದಲಾದವು ಅಲ್ಲವೆಂದು ಖಚಿತ ಮಾಡಿಕೊಂಡ ಮೇಲೆ ಉಳಿಯುವ ಉತ್ತರ ಇದು.

ಒಳಗೆ ನಡೆಯುವುದೇನೆಂದು ಅವರು ವಿವರಿಸಿದಾಗ ನಮಗೆ ನಮ್ಮ ಸೀಮೆಯ ಕಥೆಯೇ ನೆನಪಾಯಿತು. ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಮುಂದೆ ಕೆ.ಎಚ್. ಪಾಟೀಲರ ಕಾಲದಲ್ಲಿ ಹುಲಕೋಟಿ ಸಹಕಾರಿ ಊರೆಂದೇ ಹೆಸರಾಯಿತು. 1904ರ ಕಾಯ್ದೆಯಂತೆ ಹಳ್ಳಿಯ ಸಂಘಗಳದು ಅಪರಿಮಿತ ಹೊಣೆ. ಒಬ್ಬ ರೈತ ತೀರಿಸಲಾರದ ಸಾಲಕ್ಕೆ ಉಳಿದ ಸದಸ್ಯರೆಲ್ಲ ಹೊಣೆ. ಪೋಲಿಯೊ ಆದ ದೇಹದಲ್ಲೂ ಹೀಗೆಯೇ. ಒಂದು ನರಕೋಶ ಸತ್ತಾಗ ಅದರ ಸ್ನಾಯುವಿನ ಎಳೆಗಳು ಅನಾಥವಾಗುತ್ತವೆ. ಬದುಕಿ ಉಳಿದ ನೆರೆಯ ನರಕೋಶಗಳು ಹೊಸ ಕವಲು ಚಾಚಿ ಆ ಅನಾಥ ಎಳೆಗಳನ್ನೂ ತಮ್ಮವನ್ನಾಗಿ ಮಾಡಿಕೊಳ್ಳುತ್ತವೆ. ಬಿದ್ದ ಮಗು ಎದ್ದು ನಡೆಯುವುದು ಈ ಜಾಮೀನಿನಿಂದ. ತನ್ನ ಪಾಲಿಗಿಂತ ಹಲವು ಪಟ್ಟು ಹೊತ್ತ ಆ ನರಗಳು ನಲವತ್ತು ವರ್ಷ ಕಂತು ಕಟ್ಟುತ್ತವೆ. ಆಮೇಲೆ ಅವೂ ಕೈ ಚೆಲ್ಲುತ್ತವೆ. ಛಲ ಎಂದು ಊರು ಹೊಗಳಿದ್ದು ಒಳಗೆ ಜಾಮೀನು ನಿಂತವರ ಮೇಲೆ ಸಾಲ ಏರಿಸುತ್ತಿತ್ತು.

ಇದಕ್ಕೆ ಗುಣಪಡಿಸುವ ಔಷಧಿ ಇಲ್ಲ. ಇರುವುದು ಉಪಾಯ. ದಣಿಯುವ ಮೊದಲೇ ನಿಲ್ಲಬೇಕು, ದಣಿದ ಮೇಲೆ ಅಲ್ಲ. ಒಂದು ಗಂಟೆಯ ಕೆಲಸವನ್ನು ಮೂರು ತುಂಡು ಮಾಡಬೇಕು. ನಿಂತು ಮಾಡುವುದನ್ನು ಕುಳಿತು ಮಾಡಬೇಕು. ವ್ಯಾಯಾಮ ಬೇಕು, ಆದರೆ ಹಗುರವಾದದ್ದು, ಬಲ್ಲವರು ಹೇಳಿಕೊಟ್ಟದ್ದು. ಮರುದಿನವೂ ನೋವು ಉಳಿದರೆ ಅದು ಹೆಚ್ಚಾಯಿತೆಂದು ಅರ್ಥ. ಹಳೆಯ ಕಬ್ಬಿಣ ತೊಗಲಿನ ಕ್ಯಾಲಿಪರ್ ಬಿಟ್ಟು ಹಗುರ ಪ್ಲಾಸ್ಟಿಕ್ಕಿನದು ಅಳತೆಗೆ ಮಾಡಿಸಿಕೊಳ್ಳಬೇಕು. ತೂಕ ಏರಬಾರದು. ಕಾಲು ಬೆಚ್ಚಗಿರಬೇಕು. ಸೊರಗಿದ ಕಾಲಿನ ಎಲುಬು ತೆಳುವಾಗಿರುವುದರಿಂದ ಬೀಳದಂತೆ ನೋಡಿಕೊಳ್ಳಬೇಕು, ಬಚ್ಚಲುಮನೆಯಲ್ಲಿ ಹಿಡಿಕೆ ಬೇಕು. ರಾತ್ರಿ ಉಸಿರು ಕಟ್ಟಿದಂತಾದರೆ, ನುಂಗುವಾಗ ಗಂಟಲಲ್ಲಿ ಸಿಕ್ಕಿದರೆ ತಡಮಾಡದೆ ತೋರಿಸಬೇಕು. ಯಾವುದೇ ಶಸ್ತ್ರಚಿಕಿತ್ಸೆಯ ಮುಂಚೆ ಅರಿವಳಿಕೆ ಕೊಡುವ ವೈದ್ಯರಿಗೆ ಪೋಲಿಯೊ ಆಗಿತ್ತೆಂದು ಹೇಳಲೇಬೇಕು, ಏಕೆಂದರೆ ನಮ್ಮ ಮೈ ಆ ಮದ್ದುಗಳಿಂದ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಹಿಡಿಯಬಹುದು.

ಓದುವವರಿಗೆ ಇವು ಸಣ್ಣ ಮಾತುಗಳು. ನಮಗೆ ಹಾಗಲ್ಲ. ಎದ್ದೇಳು, ನಿಲ್ಲು, ತೋರಿಸಿಕೊಳ್ಳಬೇಡ ಎಂದು ಕಲಿತ ಬದುಕಿಗೆ ಈಗ ಕೂರು, ನಿಲ್ಲಿಸು, ಹೇಳಿಕೋ ಎಂದರೆ ಬೇರೆ ಧರ್ಮಕ್ಕೆ ಸೇರು ಎಂದಷ್ಟೇ ಕಷ್ಟ. ಕೋಲು ಹಿಡಿಯಲು ಮಾಸ್ತರು ಒಂದು ವರ್ಷ ಒಪ್ಪಲಿಲ್ಲ. ಹೊರಗೆ ಹೊರಡುವಾಗ ಛತ್ರಿ ಹಿಡಿದು ಅದನ್ನೇ ಊರಿಕೊಂಡು ನಡೆದರು, ಬಿಸಿಲಿರಲಿ ಇಲ್ಲದಿರಲಿ.

ಇನ್ನೊಂದು ತೊಡಕಿದೆ. ದಣಿವಿಗೆ ಸಾಕ್ಷಿ ಯಾರು? ಸೊರಗಿದ ಕಾಲು ಎಲ್ಲರಿಗೂ ಕಾಣುತ್ತದೆ, ದಣಿವು ಕಾಣುವುದಿಲ್ಲ. ನಿನ್ನೆ ಏರಿದ ಮೆಟ್ಟಿಲು ಇಂದು ಏರಲಾಗದು ಎಂದರೆ ಮನೆಯವರಿಗೂ ಅನುಮಾನ. ಕಚೇರಿಗಂತೂ ಚಿಕ್ಕಂದಿನಲ್ಲಿ ಬರೆದುಕೊಟ್ಟ ಪ್ರಮಾಣಪತ್ರವೇ ಪ್ರಮಾಣ. ಎಲ್ಲಕ್ಕಿಂತ ದೊಡ್ಡ ಅನುಮಾನ ನಮ್ಮೊಳಗಿನದು. ನಿಜವಾಗಿ ಆಗುತ್ತಿಲ್ಲವೋ, ನೆಪ ಹುಡುಕುತ್ತಿದ್ದೇವೋ? ಆ ಶುಕ್ರವಾರ ಕುರ್ಚಿಯ ಮೇಲೆ ಕುಳಿತಾಗ ನಾವು ಕೇಳಿಕೊಂಡದ್ದು ಇದನ್ನೇ.

ಉರ್ದುವಿನಲ್ಲಿ ಅಂಗವಿಕಲರಿಗೆ ‘ಮಾಜೂರ್’ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಅದನ್ನೂ ಬಯ್ಗುಳ ಎಂದೇ ತಿಳಿದಿದ್ದೆವು. ಅದರ ಮೂಲ ‘ಉಜ್ರ್’, ತಕ್ಕ ಕಾರಣ. ತಕ್ಕ ಕಾರಣ ಉಳ್ಳವನು, ಆದ್ದರಿಂದ ವಿನಾಯಿತಿ ಪಡೆದವನು ಎಂಬುದು ಅದರ ಅರ್ಥ. ನೆಪಕ್ಕೂ ಕಾರಣಕ್ಕೂ ನಡುವೆ ಗೆರೆ ಎಳೆಯುವ ಪದ ಅದು. ಪ್ರವಾದಿಯವರ ಅನುಚರರಲ್ಲಿ ಇಮ್ರಾನ್ ಬಿನ್ ಹುಸೈನ್ ಎಂಬವರು ಕಾಯಿಲೆಯಲ್ಲಿ ನಮಾಜು ಹೇಗೆಂದು ಕೇಳಿದಾಗ, ನಿಲ್ಲಲಾಗದಿದ್ದರೆ ಕುಳಿತು, ಕೂರಲಾಗದಿದ್ದರೆ ಮಲಗಿ ಮಾಡು ಎಂಬ ಉತ್ತರ ಸಿಕ್ಕಿತು. ವೈದ್ಯರ ಚೀಟಿ ತಾ ಎಂಬ ಷರತ್ತು ಅದರಲ್ಲಿಲ್ಲ. ಆಗುತ್ತದೆಯೋ ಇಲ್ಲವೋ ಎಂಬ ತೀರ್ಪು ಆ ಮನುಷ್ಯನ ಅಂತಃಸಾಕ್ಷಿಗೆ ಬಿಟ್ಟದ್ದು. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಜು ಎಂದು ಹಟ ಹಿಡಿದಿದ್ದ ಅಬ್ದುಲ್ಲಾ ಬಿನ್ ಅಮ್ರ್ ಎಂಬ ಯುವಕನನ್ನು ಕರೆದು, ನಿನ್ನ ಮೇಲೆ ನಿನ್ನ ದೇಹಕ್ಕೂ ಹಕ್ಕಿದೆ ಎಂದು ಪ್ರವಾದಿಯವರು ತಿಳಿಹೇಳಿದ ಪ್ರಸಂಗವೂ ಇದೆ. ನೆರೆಯವರ ಹಕ್ಕು, ಅನಾಥರ ಹಕ್ಕು ಎಂದು ನಾವು ದಿನವೂ ಕೇಳುತ್ತೇವೆ. ದೇಹಕ್ಕೂ ಹಕ್ಕಿದೆ ಎಂದ ಮೇಲೆ ಅದನ್ನು ದಣಿಸಿ ಪಡೆದ ಹೊಗಳಿಕೆ ಇನ್ನೊಬ್ಬರ ಪಾಲನ್ನು ತಿಂದಂತೆಯೇ ಸರಿ. ಛಲ ಬೇಡವೆಂದಲ್ಲ. ಯಾವುದನ್ನು ಮಾಡಲೇಬೇಕೋ ಅದಕ್ಕಾಗಿ ಬಲ ಉಳಿಸಿಕೊಳ್ಳುವುದೂ ಛಲವೇ.

ಇಷ್ಟಾದ ಮೇಲೆ ನಮಗೆ ಉತ್ತರ ಸಿಕ್ಕಿತೆಂದುಕೊಂಡು ಒಂದು ಭಾನುವಾರ ಇದನ್ನೆಲ್ಲ ಗೆಳೆಯರ ಮುಂದೆ ಹೇಳಿದೆವು. ಅಕ್ಕ ಬಸಿಯಲ್ಲಿ ಚಹಾ ಆರಿಸುತ್ತ ಕೇಳಿದರು: “ಎಲ್ಲಾ ಖರೆ ಐತಿ ತಮ್ಮಾ. ನಾ ಕುಂತ್ರ ರೊಟ್ಟಿ ಯಾರ ಬಡೀತಾರ?”

ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಅಕ್ಕನಿಗೆ ಮದುವೆಯಾಗಿಲ್ಲ, ಕಾಲಿನ ಹುಡುಗಿ ಎಂದು ಯಾರೂ ಕೇಳಲಿಲ್ಲ. ತಮ್ಮನ ಮನೆಯಲ್ಲಿದ್ದಾರೆ. ರೊಟ್ಟಿಯ ಹಣದಿಂದ ಆ ಮನೆಯಲ್ಲಿ ಅವರ ಮಾತಿಗೆ ಬೆಲೆಯಿದೆ. ಸಂಬಳದವರು, ಅಂಗಡಿಯವರು, ಕಥೆ ಬರೆಯುವವರು ಅರ್ಧ ದಿನ ಮಲಗಿ ದೇಹದ ಹಕ್ಕು ಸಲ್ಲಿಸಬಹುದು. ಕುಳಿತರೆ ತುತ್ತಿಗೇ ಕುತ್ತು ಬರುವವರಿಗೆ ಹಕ್ಕಿನ ಮಾತು ಹೇಳಿ ಎದ್ದು ಬರುವುದು ಉಪದೇಶವಾಗುತ್ತದೆ, ನ್ಯಾಯವಾಗುವುದಿಲ್ಲ. ವಿನಾಯಿತಿ ಕೊಡಬೇಕಾದುದು ದೇವರೊಬ್ಬನೇ ಅಲ್ಲ.

ಆದ್ದರಿಂದ ಚಾಚಾನ ಪ್ರಶ್ನೆಯನ್ನೇ ನಾವು ತಿರುಗಿಸಿ ಇಡಬೇಕಾಗಿದೆ. ನಾವು ಕುಳಿತಾಗ ಸೋತವರು ಯಾರು? ಒಳಗಿನ ನರಗಳು ನಲವತ್ತು ವರ್ಷ ಜಾಮೀನು ನಿಂತು ಕೈ ಚೆಲ್ಲಿದ ಮೇಲೆ ಹೊರಗಿನವರ ಸರದಿ ಬರುತ್ತದೆ. ಅದೇ ನೀರು ಕುಡಿದು ಏನೂ ಆಗದವರ ಸರದಿ. ಇದು ದಾನದ ಮಾತಲ್ಲ, ಸಹಕಾರದ ಮಾತು. ಬಿಡುವಿನ ಹೊಣೆಯನ್ನು ದಣಿದವರ ತಲೆಗೇ ಕಟ್ಟಿದರೆ ಅದು ಇನ್ನೊಂದು ದಣಿವು. ಹಳೆಯ ಕಾಲಕ್ಕೆ ನಮ್ಮ ಸೀಮೆ ಇದನ್ನು ತನ್ನದೇ ರೀತಿಯಲ್ಲಿ ಬಲ್ಲದು. ಎತ್ತಿನ ಮೇಲೆ ಕುಳಿತು ಬಂದು ಮನೆತನದ ವಂಶಾವಳಿ ಹೇಳುವ ಹೆಳವರನ್ನು ಇಲ್ಲಿ ಎಲ್ಲರೂ ಕಂಡಿದ್ದಾರೆ. ಹೆಳವ ಎಂದರೆ ಕಾಲಿಲ್ಲದವನು. ಅವರ ಮೂಲಪುರುಷ ಕುಂಟನಾಗಿದ್ದ, ನಡೆಯಲಾರದವನಿಗೆ ಎತ್ತು ಕೊಟ್ಟರು ಎಂದು ಕಥೆ ಹೇಳುತ್ತಾರೆ. ಆ ಕಥೆಯಲ್ಲಿ ಯಾರೂ ಅವನಿಗೆ ಛಲದಿಂದ ನಡೆ ಎನ್ನಲಿಲ್ಲ. ಏರಲು ಎತ್ತು ಕೊಟ್ಟರು, ಮಾಡಲು ಕೆಲಸ ಕೊಟ್ಟರು. ಊರಿನ ನೆನಪನ್ನೇ ಅವನ ಕೈಗಿತ್ತರು.

ಇಂದು ಬೇಕಾದದ್ದೂ ದೊಡ್ಡದೇನಲ್ಲ. ಐದು ವರ್ಷದೊಳಗಿನ ಒಂದು ಮಗುವೂ ತಪ್ಪದಂತೆ ಮನೆಗಳ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಿದ ವ್ಯವಸ್ಥೆ ಇದು. ಅದೇ ಮನೆಗಳಲ್ಲಿ ನಲವತ್ತು ದಾಟಿದ ಪೋಲಿಯೊದವರು ಎಷ್ಟು ಎಂದು ಒಮ್ಮೆ ಎಣಿಸಬಹುದು. ಗದಗಿಗೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಅಲ್ಲಿ ಓದುವ ಮಕ್ಕಳು ನಾವು ಇರುವಷ್ಟರಲ್ಲೇ ನಮ್ಮ ಕಾಲು ಮುಟ್ಟಿ ನೋಡಿ ಕಲಿಯಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮೆಟ್ಟಿಲ ಪಕ್ಕ ಇಳಿಜಾರು ಬೇಕು ಎನ್ನುತ್ತದೆ. ಕಚೇರಿಗಳಿಗೆ ಕಾಯದೆ ಮಸೀದಿ, ಗುಡಿ, ಮಠಗಳೇ ಮೊದಲು ಮಾಡಬಹುದು. ಮನೆಯವರು ಅನುಮಾನ ಬಿಟ್ಟು ನಂಬಬಹುದು. ನಂಬಲು ಖರ್ಚಿಲ್ಲ.

ಅಕ್ಕನ ಪ್ರಶ್ನೆಗೆ ಪೂರ್ತಿ ಉತ್ತರ ನಮ್ಮಲ್ಲಿನ್ನೂ ಇಲ್ಲ. ಆದದ್ದು ಇಷ್ಟು. ಮಾಸ್ತರು ತಮ್ಮ ಯಂತ್ರಕ್ಕೆ ಮೋಟಾರು ಕೂಡಿಸಿಕೊಂಡ ವಾರವೇ ಗೌಂಡಿಯೊಬ್ಬನನ್ನು ಕರೆದುಕೊಂಡು ಹೋಗಿ ಅಕ್ಕನ ಒಲೆಯನ್ನು ಕಟ್ಟೆಯ ಮೇಲೇರಿಸಿದರು. ಝೆರಾಕ್ಸಿನ ಗೆಳೆಯರು ಎತ್ತರದ ಸ್ಟೂಲು ತಂದರು. ಈಗ ಅಕ್ಕ ಕುಳಿತೇ ರೊಟ್ಟಿ ಬಡಿಯುತ್ತಾರೆ. ನೂರರಲ್ಲಿ ನಲವತ್ತನ್ನು ತಮ್ಮನ ಹೆಂಡತಿ ಬಡಿಯುತ್ತಾಳೆ, ಲೆಕ್ಕ ಮಾತ್ರ ಅಕ್ಕನ ಹೆಸರಿಗೇ.

ಮೊನ್ನೆ ಶುಕ್ರವಾರ ಮಸೀದಿಗೆ ಹೋದಾಗ ಒಂದು ಕುರ್ಚಿ ತುದಿಯಲ್ಲಿರಲಿಲ್ಲ. ಚಾಚಾ ಅದನ್ನು ಸಾಲಿನ ನಡುವೆ, ತಮ್ಮ ಪಕ್ಕದಲ್ಲಿ ಹಾಕಿಸಿದ್ದರು. ಏನೂ ಹೇಳಲಿಲ್ಲ, ಸ್ವಲ್ಪ ಸರಿದು ಜಾಗ ಕೊಟ್ಟರು. ನಾವು ಕುಳಿತೆವು.